‘ಗೊಂದಲ ಹಾಕಿಸುವುದು’: ಯಾವ ಅರ್ಥ ಮೊದಲು?

ಆಳಂದ ಕಡೆಯ ನೆಂಟರ ಮದುವೆ ಪತ್ರಿಕೆಯ ಕರಡು ತಿದ್ದಿಕೊಟ್ಟಿದ್ದೆ. ‘ರಾತ್ರಿ 9 ಗಂಟೆಗೆ ಅಂಬಾಭವಾನಿ ಗೊಂದಲ’ ಎಂದಿದ್ದದ್ದು ಅಚ್ಚಾಗಿ ಬರುವಾಗ ‘ಭಜನೆ’ ಆಗಿತ್ತು. ಶುಭಕಾರ್ಯದ ಪತ್ರಿಕೆಯಲ್ಲಿ ಗೊಂದಲವೇಕೆ ಎಂದು ತಾನೇ ಬದಲಿಸಿದನಂತೆ ಮುದ್ರಣದ ಹುಡುಗ. ಪಾಪ, ಅವನು ಓದಿದ ಕನ್ನಡದಲ್ಲಿ ಆ ಪದಕ್ಕೆ ಇರುವುದು ಒಂದೇ ಅರ್ಥ.

ನಮ್ಮಲ್ಲಿ ಮದುವೆ ಮುಗಿದ ಮನೆಯವರು ಗೊಂದಲವೆಂಬ ದೇವಿಯ ಸೇವೆಗೆ ಅದನ್ನು ಹಾಡಿ ನಡೆಸುವ ಗೊಂದಲಿಗರನ್ನು ಕರೆಸುತ್ತಾರೆ. ಮಣೆಯ ಮೇಲೆ ಹೊಸ ಖಣ ಹಾಸಿ, ಧಾನ್ಯ ಸುರಿದು, ಕಳಸವಿಟ್ಟು ದೀವಟಿಗೆ ಹಚ್ಚುತ್ತಾರೆ. ಕವಡೆ ಸರ ಹಾಕಿಕೊಂಡ ಹಿರಿಯ ತುಳಜಾಪುರದ ಭವಾನಿಯನ್ನು, ಮಾಹುರದ ರೇಣುಕೆಯನ್ನು, ಕೊಲ್ಹಾಪುರದ ಲಕ್ಷ್ಮಿಯನ್ನು ಒಬ್ಬೊಬ್ಬರನ್ನಾಗಿ ‘ಗೊಂದಲಕ್ಕೆ ಬಾ’ ಎಂದು ಕರೆಯುತ್ತಾನೆ. ಆಮೇಲೆ ಕಥೆ. ಅವನು ಹೇಳುತ್ತ ಹೋದಂತೆ ಜೊತೆಗಾರ ಅಡ್ಡಪ್ರಶ್ನೆ ಹಾಕಿ ನಗಿಸುತ್ತಾನೆ. ಸಂಬಾಳವೆಂಬ ಜೋಡಿ ಚರ್ಮವಾದ್ಯ, ಒಂಟಿ ತಂತಿಯ ತುಂತುಣಿ, ತಾಳ ಮೂರೂ ಸೇರಿದರೆ ಪಕ್ಕದ ಓಣಿಯವರಿಗೂ ನಿದ್ದೆಯಿಲ್ಲ. ಕಳವಳ, ಗಲಿಬಿಲಿ ಎಂಬ ಅರ್ಥ ಈ ಸದ್ದಿನಿಂದಲೇ ಹುಟ್ಟಿತೆಂದು ನನ್ನ ಊಹೆ.

ಆಚರಣೆಯ ಅರ್ಥವೇ ಹಳೆಯದು ಎನ್ನಲು ಒಂದು ಆಧಾರವೂ ಉಂಟು. ಕಲ್ಯಾಣದಲ್ಲಿ (ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ) ಭೂತಮಾತೃ ಉತ್ಸವದಲ್ಲಿ ಭಿಲ್ಲರ ವೇಷದ ಹೆಣ್ಣೊಬ್ಬಳು ಹಾಡುತ್ತ ಕುಣಿದದ್ದನ್ನು ಚಾಲುಕ್ಯ ದೊರೆ ಸೋಮೇಶ್ವರ ಕಂಡು ಮೆಚ್ಚಿ ‘ಗೊಂಡಲಿ’ ನೃತ್ಯವನ್ನು ರೂಪಿಸಿದ ಎಂದು 13ನೆಯ ಶತಮಾನದ ಜಾಯಪ ತನ್ನ ನೃತ್ಯಶಾಸ್ತ್ರ ಗ್ರಂಥ ‘ನೃತ್ತರತ್ನಾವಳಿ’ಯಲ್ಲಿ ಬರೆದಿದ್ದಾನೆ. ಈ ದೊರೆ, ‘ಮಾನಸೋಲ್ಲಾಸ’ ಗ್ರಂಥ ಬರೆದ ಮೂರನೆಯ ಸೋಮೇಶ್ವರ, ಆಳಿದ್ದು 1126ರಿಂದ 1138. ಪದದ ತವರು ಬೀದರ್ ಜಿಲ್ಲೆಯೇ ಎಂದು ಹಿಗ್ಗುವ ಆಸೆ ನನಗೂ ಇದೆ. ಆದರೆ ಹಳಗನ್ನಡದಲ್ಲಿ ಗುಂಪು ಎಂಬರ್ಥದ ‘ಗೊಂದಣ’ ಅಡ್ಡ ನಿಂತಿದೆ. ಗಲಿಬಿಲಿಯ ಗೊಂದಲ ಅದರ ಮಗಳೋ, ಗೊಂಡಲಿಯ ಮಗಳೋ?

ಕ್ರಿಯಾಪದವನ್ನೂ ಗಮನಿಸಿ. ಮರಾಠಿಯಲ್ಲಿ ‘ಗೋಂಧಳ ಘಾಲಣೆ’ ಎಂದರೆ ದೇವಿಯ ಸೇವೆಯೂ ಹೌದು, ರಂಪವೂ ಹೌದು. ನಮ್ಮವರು ಜಾಣರು: ದೇವಿಗೆ ಗೊಂದಲ ‘ಹಾಕಿಸುತ್ತಾರೆ’, ಸಭೆಯಲ್ಲಿ ಗೊಂದಲ ‘ಆಗುತ್ತದೆ’.

ಯಾದಗಿರಿ, ಸುರಪುರ ಕಡೆಯವರೂ ‘ಹಾಕಿಸು’ ಎಂದೇ ಅನ್ನುತ್ತೀರಾ, ಬೇರೆ ಮಾತಿದೆಯೇ? ನೆಂಟರ ಎರಡನೆಯ ಮಗಳ ಪತ್ರಿಕೆ ಅದೇ ಹುಡುಗನ ಕೈಗೆ ಹೋಗಲಿದೆ.