ತಿಲೀಪನ್ ನೀರನ್ನೂ ಬಿಟ್ಟಿದ್ದು ಯಾಕೆ?

ಹೊಳೆದಂಡೆ:
ಹೋದ ತಿಂಗಳು ಶ್ರೀಲಂಕಾದ ಜಾಫ್ನಾಕ್ಕೆ ಹೋಗಿದ್ದೆ. ನಲ್ಲೂರು ಕಂದಸ್ವಾಮಿ ದೇವಸ್ಥಾನಕ್ಕೆ ಗಂಡಸರು ಅಂಗಿ ಬಿಚ್ಚಿಯೇ ಹೋಗಬೇಕು. ಅಂಗಿ ಮಡಚಿ ಕೈಯಲ್ಲಿ ಹಿಡಿದು ನಿಂತಿದ್ದೆ, ಆಗ ಆಟೋದವರು ದನಿ ಇಳಿಸಿ, 'ತಿಲೀಪನ್ ಕೂತಿದ್ದು ಇಲ್ಲೇ' ಅಂದರು. ತಮಿಳು ಹೋರಾಟಗಾರರ ಸಶಸ್ತ್ರ ಸಂಘಟನೆ ಎಲ್‌ಟಿಟಿಇಯ ನಾಯಕರಲ್ಲೊಬ್ಬರು. 1987ರ ಸೆಪ್ಟೆಂಬರ್ 15ರಿಂದ 26ಕ್ಕೆ ಸಾಯುವವರೆಗೆ ಉಪವಾಸ, ಹನಿ ನೀರೂ ಇಲ್ಲದೆ. ಆಗ ವಯಸ್ಸು ಇನ್ನೂ 23. ಉಪವಾಸ ಅಂದ್ರೆ ಎದುರಿನವರ ಮನಸ್ಸು ಕರಗಿಸುವುದು ಅಲ್ವಾ? ನೀರನ್ನೂ ಬಿಟ್ಟರೆ ಎದುರಿನವರಿಗೆ ಯೋಚಿಸಲು ಸಮಯ ಎಲ್ಲಿರುತ್ತದೆ? ಇದು ನಮ್ಮ ಸಲ್ಲೇಖನದ ಥರದ್ದಾ?

ಮದ್ದಿನಮನೆ:
ನಾನು ವೈದ್ಯ. ನೀರು ಬಿಟ್ಟರೆ ಮೂತ್ರಪಿಂಡ ಬೇಗ ಸೋಲುತ್ತದೆ, ಎರಡು ವಾರ ದಾಟುವುದೇ ಕಷ್ಟ. 1981ರಲ್ಲಿ ಉತ್ತರ ಐರ್ಲೆಂಡಿನ ಮೇಜ್ ಜೈಲಿನಲ್ಲಿ ಉಪವಾಸ ಮುಷ್ಕರ ಹೂಡಿದ್ದ ಐರಿಷ್ ಬಂಡಾಯ ಸಂಘಟನೆ ಐಆರ್‌ಎಯ ಕೈದಿ ಬಾಬಿ ಸ್ಯಾಂಡ್ಸ್ ನೀರು, ಉಪ್ಪು ತೆಗೆದುಕೊಳ್ಳುತ್ತಿದ್ದರು. 66 ದಿನ ಬದುಕಿದ್ದರು, ಅದರ ನಡುವೆ ಬ್ರಿಟಿಷ್ ಸಂಸತ್ತಿಗೆ ಆರಿಸಿಯೂ ಬಂದರು. ಅಲ್ಲಿ ಒಟ್ಟು 10 ಮಂದಿ ಸತ್ತರು, 46ರಿಂದ 73 ದಿನಗಳ ಉಪವಾಸದ ನಂತರ. ಆದರೆ ಅಷ್ಟು ದಿನ ಸಿಕ್ಕಿದ್ದರಿಂದಲೇ ಕೊನೆಕೊನೆಗೆ ಪ್ರಜ್ಞೆ ತಪ್ಪಿದ ಮಕ್ಕಳಿಗೆ ಚಿಕಿತ್ಸೆ ಕೊಡಿ ಎಂದು ಮನೆಯವರೇ ಹೇಳಲು ಶುರು ಮಾಡಿದರು, ಮುಷ್ಕರ ನಿಂತಿದ್ದೂ ಹಾಗೆ. ನಲ್ಲೂರಿನಲ್ಲಿ ಹಾಗೆ ಅಡ್ಡ ಬರಲು ಯಾರಿಗೂ ಬಿಡುವೇ ಇರಲಿಲ್ಲ.

ಕಲ್ಲುಬೆಂಚು:
ಸಲ್ಲೇಖನ ಅಲ್ಲವೇ ಅಲ್ಲ. ಸಲ್ಲೇಖನದಲ್ಲಿ ಯಾರಿಂದಲೂ ಏನೂ ಕೇಳುವುದಿಲ್ಲ, ಎಲ್ಲವನ್ನೂ ಬಿಡುತ್ತಾ ಹೋಗುತ್ತಾರೆ. ತಿಲೀಪನ್ ಐದು ಬೇಡಿಕೆ ಇಟ್ಟಿದ್ದರು. ಬಂಧಿತ ತಮಿಳರನ್ನು ಬಿಡಿ, ತಮಿಳರ ಜಾಗದಲ್ಲಿ ಸಿಂಹಳೀಯರನ್ನು ನೆಲೆಗೊಳಿಸಬೇಡಿ, ಹೊಸ ಪೊಲೀಸ್ ಠಾಣೆ ತೆರೆಯಬೇಡಿ, ಹೀಗೆ. ಕೇಳಿದ್ದು ಭಾರತವನ್ನು. ಆ ವರ್ಷದ ಜುಲೈನಲ್ಲಿ ಶ್ರೀಲಂಕಾ ಜೊತೆ ಶಾಂತಿ ಒಪ್ಪಂದ ಮಾಡಿಕೊಂಡಿದ್ದೂ ನಾವೇ, ಸೈನ್ಯ ಕಳಿಸಿದ್ದೂ ನಾವೇ. ಗಾಂಧಿಯ ದೇಶಕ್ಕೆ ಗಾಂಧಿಯ ದಾರಿಯಲ್ಲೇ ಕೇಳುತ್ತೇವೆ ಅನ್ನುವ ಲೆಕ್ಕ. ಆದರೆ ಅದೇ ಎಲ್‌ಟಿಟಿಇ ಹಿಂದಿನ ವರ್ಷವಷ್ಟೇ ಟೆಲೋ ಎಂಬ ಇನ್ನೊಂದು ತಮಿಳು ಹೋರಾಟ ಗುಂಪಿನ ಹುಡುಗರನ್ನು ಕೊಂದಿತ್ತು, ಅದನ್ನು ನಾನು ಮರೆಯಲಾರೆ. ನನ್ನ ಸಿಟ್ಟು ಎರಡೂ ಕಡೆಯವರ ಮೇಲೆ. ಸತ್ತ ಎರಡೇ ದಿನಕ್ಕೆ, ಸೆಪ್ಟೆಂಬರ್ 28ಕ್ಕೆ, ತಮಿಳರ ಪ್ರದೇಶದ ಮಧ್ಯಂತರ ಆಡಳಿತ ಮಂಡಳಿಯ ಬಗ್ಗೆ ಭಾರತವೂ ಎಲ್‌ಟಿಟಿಇಯೂ ಒಪ್ಪಿದವು. ಆ ಮಾತನ್ನು ಒಂದು ವಾರ ಮೊದಲೇ ಆಡಬಹುದಿತ್ತಲ್ಲ! ಅಕ್ಟೋಬರ್ 10ಕ್ಕೆ ಭಾರತದ ಸೈನ್ಯಕ್ಕೂ ಎಲ್‌ಟಿಟಿಇಗೂ ಯುದ್ಧವೇ ಶುರುವಾಯಿತು.

ತೆಂಕಣಗಾಳಿ:
ಅನ್ನೈ ಪೂಪತಿಯನ್ನು ಯಾಕೆ ಯಾರೂ ನೆನೆಯುವುದಿಲ್ಲ? ಪೂರ್ವ ಶ್ರೀಲಂಕಾದ ಬಟ್ಟಿಕಲೋವಾದವರು, ಹತ್ತು ಮಕ್ಕಳ ತಾಯಿ. 1988ರ ಮಾರ್ಚ್ 19ರಂದು ಮಾಮಾಂಗಂ ಪಿಳ್ಳೈಯಾರ್ ದೇವಸ್ಥಾನದಲ್ಲಿ ಉಪವಾಸ ಕೂತರು. ಅವರು ನೀರು ಕುಡಿಯುತ್ತಿದ್ದರು. ಕೇಳಿದ್ದು ಎರಡೇ: ಭಾರತದ ಸೈನ್ಯ ಗುಂಡು ನಿಲ್ಲಿಸಲಿ, ಎಲ್‌ಟಿಟಿಇ ಜೊತೆ ಮಾತಾಡಲಿ. ಒಂದು ತಿಂಗಳು ಕಾದು ಏಪ್ರಿಲ್ 19ಕ್ಕೆ ತೀರಿಕೊಂಡರು. ಹಾಗಾಗಿ ಸಮಯ ಇದ್ದಿದ್ದರೆ ಭಾರತ ಬಗ್ಗುತ್ತಿತ್ತು ಅಂತ ನನಗೆ ಅನ್ನಿಸುವುದಿಲ್ಲ, ಮದ್ದಿನಮನೆಯವರೇ. ಆಮೇಲೆ ಇಬ್ಬರ ಫೋಟೋಗೂ ಹಾರ ಹಾಕಿ ಎಲ್‌ಟಿಟಿಇ ತನ್ನದಾಗಿಸಿಕೊಂಡಿತು. ಸತ್ತವರು ಬೇಡ ಅನ್ನೋಕೆ ಆಗಲ್ಲ ನೋಡಿ.

ಹೊಳೆದಂಡೆ:
ಎಲ್ಲರಿಗೂ ಥ್ಯಾಂಕ್ಸ್. ತಿಲೀಪನ್ ನೆನಪಿನ ಕಾರ್ಯಕ್ರಮಕ್ಕೆ 2020ರಲ್ಲಿ ಜಾಫ್ನಾದ ಕೋರ್ಟೇ ತಡೆ ಕೊಟ್ಟಿತ್ತು, ಆಟೋದವರು ದನಿ ಇಳಿಸಿದ್ದು ಸುಮ್ನೆ ಅಲ್ಲ. ಇನ್ನೊಂದು ಹೇಳಿದರು. ಅವರ ಅಮ್ಮ ಆಗ ವೇದಿಕೆಯ ಮುಂದಿನ ಜನರ ನಡುವೆ ಕೂತು ಅಳುತ್ತಿದ್ದರಂತೆ. ಈಗಲೂ ಸೆಪ್ಟೆಂಬರ್ ಬಂದರೆ, 'ಅಷ್ಟು ಜನ ಇದ್ದೆವು, ಒಂದು ಲೋಟ ನೀರು ಕುಡಿಸಲಿಲ್ಲವಲ್ಲ' ಅನ್ನುತ್ತಾರಂತೆ.