ನಮ್ಮನೆ ಗ್ರೂಪು: ಪುಟ್ಟಿ ನರ್ಸಿಂಗ್ ಪಂಚಾಯ್ತಿ

ಮಾದಣ್ಣ ಮಾವ: (ಫಾರ್ವರ್ಡ್) "ಬಿಎಸ್ಸಿ ನರ್ಸಿಂಗ್! ಆರ್ಟ್ಸ್, ಕಾಮರ್ಸ್ ಆದವರೂ ಸೇರಬಹುದು. 100% ಕೆಲಸ ಗ್ಯಾರಂಟಿ. ಇಂದೇ ಸೇರಿದವರಿಗೆ ರಿಯಾಯಿತಿ."
ಪುಟ್ಟಿಗೇ ಹೇಳಿ ಮಾಡಿಸ್ದಂಗದೆ. ನಾಳೆ ಮಂಡ್ಯಕ್ಕೋಗಿ ದುಡ್ ಕಟ್ಬುಡಿ ಭಾವ.

ಸರೋಜತ್ತೆ: ಯಾರೂ ಒಂದ್ರೂಪಾಯಿ ಕಟ್ಬೇಡಿ. ಡ್ಯೂಟಿ ಮುಗಿಸ್ಕಂಡು ಬರೀತೀನಿ.

ಮಾದಣ್ಣ ಮಾವ: ಶುರುವಾಯ್ತು 🙏

ಸರೋಜತ್ತೆ: ಬಿಎಸ್ಸಿ ನರ್ಸಿಂಗ್‌ಗೆ ಪಿಯುಸೀಲಿ ಫಿಸಿಕ್ಸು, ಕೆಮಿಸ್ಟ್ರಿ, ಬಯಾಲಜಿ ಇರ್ಲೇಬೇಕು ಮಾದಣ್ಣ. ಪುಟ್ಟಿ ಓದಿರೋದು ಆರ್ಟ್ಸು. ಅವ್ರು ಸೇರಿಸ್ಕಂಡ್ರೂ ನಾಳೆ ನರ್ಸ್ ಕೆಲ್ಸಕ್ಕೆ ಬೇಕಾದ ರಿಜಿಸ್ಟ್ರೇಶನ್ನ ನರ್ಸಿಂಗ್ ಕೌನ್ಸಿಲಲ್ಲಿ ಯಾರು ಮಾಡ್ತಾರೆ?

ಕೆಂಪಣ್ಣ: ಹಂಗಾರೆ ದಾರಿನೇ ಇಲ್ವಾ ಅಕ್ಕ?

ಸರೋಜತ್ತೆ: ಜಿಎನ್‌ಎಂ ಐತಲ್ಲಪ್ಪ, ನರ್ಸಿಂಗ್ ಡಿಪ್ಲೊಮಾ. 3 ವರ್ಷ. ಆರ್ಟ್ಸ್ ಆದ್ರೂ ನಡೀತದೆ. ಒಟ್ಟಲ್ಲೂ 40%, ಇಂಗ್ಲಿಷಲ್ಲೂ 40% ಇರ್ಬೇಕು ಅಷ್ಟೆ.

ಕಿರಣ: ಅತ್ತೆ, ಡಿಪ್ಲೊಮಾ ಅಂದ್ರೆ ಜನ ಕಡೆಗಣಿಸ್ತಾರೆ. ಅದ್ರ ಬದ್ಲು ಸೈನ್ಸ್ ತಗೊಂಡು ಪಿಯುಸಿ ಮತ್ತೆ ಮಾಡ್ಲಿ, ಡಿಗ್ರೀನೇ ಓದ್ಲಿ.

ಸರೋಜತ್ತೆ: ಇಂಜಿನಿಯರ್ ಸಾಹೇಬ್ರೆ, ಲೆಕ್ಕ ಹಾಕಿ. ಪಿಯುಸಿ 2, ಬಿಎಸ್ಸಿ 4, ಒಟ್ಟು 6. ಜಿಎನ್‌ಎಂ 3, ಅದ್ರ ಮೇಲೆ ಮಾಡೋ ಪೋಸ್ಟ್ ಬೇಸಿಕ್ ಬಿಎಸ್ಸಿ 2, ಡಿಗ್ರಿ ಕೈಗೆ 5ಕ್ಕೇ ಬರ್ತದೆ. ಬೇಕಂದ್ರೆ ಮಧ್ಯದಲ್ಲಿ ನಿಂತು ಸಂಬಳನೂ ದುಡೀಬೋದು, ಡಿಗ್ರಿ ಅಷ್ಟು ತಡ ಆಗ್ತದೆ ಅಷ್ಟೆ.

ಕಿರಣ: ಏಮ್ಸ್ ಆಸ್ಪತ್ರೆ ನರ್ಸ್ ಕೆಲ್ಸದ ಪರೀಕ್ಷೆಗೆ ಬಿಎಸ್ಸಿ ಕೇಳ್ತಾರಲ್ವಾ?

ಸರೋಜತ್ತೆ: ನಾರ್ಸೆಟ್ಟಾ? ಜಿಎನ್‌ಎಂನವ್ರೂ ಬರೀಬೋದು, ಆದ್ರೆ ಕಮ್ಮಿ ಅಂದ್ರೂ 50 ಹಾಸಿಗೆ ಇರೋ ಆಸ್ಪತ್ರೇಲಿ 2 ವರ್ಷ ಕೆಲ್ಸ ಮಾಡಿರ್ಬೇಕು. ಬಿಎಸ್ಸಿಯವ್ರಿಗೆ ಆ ಕಾಯುವಿಕೆ ಇಲ್ಲ, ಅದನ್ನ ಒಪ್ತೀನಿ. ಎಂಎಸ್ಸಿ ಮಾಡಿ ಪಾಠ ಹೇಳ್ತೀನಿ ಅಂದ್ರೂ ಬಿಎಸ್ಸಿ ಇಲ್ಲಾ ಪೋಸ್ಟ್ ಬೇಸಿಕ್ ಬೇಕೇ ಬೇಕು.

ಮಾದಣ್ಣ ಮಾವ: ಆ ಕಾಲೇಜು ನೋಡಿದೀನಿ ಕನಕ್ಕ. ಐದಂತಸ್ತು, ಲಿಫ್ಟದೆ. ಸೂಜಿ ಚುಚ್ಚಕ್ಕೆ ರಬ್ಬರ್ ಕೈನೂ ಇಟ್ಟವ್ರೆ.

ಸರೋಜತ್ತೆ: ಲಿಫ್ಟಿಗೆ ಜ್ವರ ಬತ್ತದಾ? ಮಕ್ಳನ್ನ ಪೋಸ್ಟಿಂಗಿಗೆ, ಅಂದ್ರೆ ವಾರ್ಡಲ್ಲಿ ಕೆಲ್ಸ ಕಲಿಯಕ್ಕೆ, ಯಾವಾಸ್ಪತ್ರೆಗೆ ಕಳಿಸ್ತಾರೆ, ಅಲ್ಲಿ ರೋಗಿಗಳು ಇದಾರಾ ಅಂತ ಕೇಳು. ಮೈಸೂರು ಕೆ.ಆರ್. ಆಸ್ಪತ್ರೆ, ಮಂಡ್ಯ ಮಿಮ್ಸ್ ಸರ್ಕಾರಿ ಆಸ್ಪತ್ರೆ, ಇಂಥ ಕಡೆ ನಿಂತ್ರೆ ಕೈ ಪಳಗ್ತದೆ.
ನಾನೂ ಆ ರಬ್ಬರ್ ಕೈಯಲ್ಲೇ ಕಲ್ತಿದ್ದು. ಅದ್ರ ನರ ಜಾರಲ್ಲ. ವಾರ್ಡಲ್ಲಿ ಮೊದಲ್ನೇ ಕೇಸು ಕಬ್ಬು ಕಡಿಯೋ ತಾತ. ನರ ಹಗ್ಗದಂಗೆ ಎದ್ದು ಕಾಣ್ತಿತ್ತು, ಸುಲಭ ಅಂದ್ಕಂಡೆ. ಸೂಜಿ ಇಟ್ಟೇಟಿಗೆ ಪಕ್ಕಕ್ ಜಾರ್ಕಂತು. ಮೂರ್ ಸಲ! ಆಮೇಲೆ ಸಿಸ್ಟರ್ ಬಂದು, ಎಡಗೈ ಹೆಬ್ಬೆಟ್ಟಲ್ಲಿ ಚರ್ಮ ಕೆಳಕ್ಕೆ ಎಳ್ದು ಹಿಡ್ಕಂಡು ಒಂದೇ ಸಲಕ್ಕೆ ಹಾಕುದ್ರು. ನನ್ ಕಣ್ಣಲ್ ನೀರು. ತಾತ "ಕೂಸು ಕಲೀಲಿ ಬುಡವ್ವ" ಅಂದ್ರು.

ಪುಟ್ಟಿ: ಅತ್ತೆ, ಇಂಗ್ಲಿಷಲ್ಲಿ 43 ಬಂದದೆ. ಸಾಕಾ?

ಸರೋಜತ್ತೆ: ಸಾಕು ಕಂದ. ಅಂಕಪಟ್ಟಿ ಫೋಟೊ ನನಗೊಬ್ಳಿಗೇ ಕಳ್ಸು, ಇಲ್ಲಿ ಹಾಕ್ಬೇಡ.

ಕಿರಣ: ಪುಟ್ಟಿ, ನೀನ್ ಏನ್ ಆಗ್ಬೇಕು ಅಂತಿದೀಯ? ಅದನ್ನ ಯಾರೂ ಕೇಳೇ ಇಲ್ವಲ್ಲ.

ಪುಟ್ಟಿ: ಅಜ್ಜಿಗೆ ಹುಷಾರಿಲ್ದಾಗ ಆಸ್ಪತ್ರೇಲಿ ಹದಿನೈದು ದಿನ ಇದ್ನಲ್ಲ ಅಣ್ಣ. ಆವತ್ತಿಂದ ಇದೇ.

ಮಾದಣ್ಣ ಮಾವ: ಅಕ್ಕ, ಒಂದ್ ಮಾತು. ಅರ್ಜಿ ಫೀಸು ಅಂತ 500 ಫೋನ್‌ಪೇ ಮಾಡ್ಬುಟ್ಟಿದೀನಿ.

ಸರೋಜತ್ತೆ: ಯಾವಾಗ?

ಮಾದಣ್ಣ ಮಾವ: ಇಲ್ಲಿಗ್ ಹಾಕಕ್ ಮುಂಚೆನೇ.