ಸಹಾಯ ಬೇಕು: ಟಿವಿ ಟ್ಯೂನರ್ ಹಾಕಿದ ಕಂಪ್ಯೂಟರಿನಲ್ಲಿ ಚಿತ್ರ ಜಗ್ಗುತ್ತಿದೆ

ಎಲ್ಲರಿಗೂ ನಮಸ್ಕಾರ, ಡೊಂಬಿವ್ಲಿಯಿಂದ ಬರೆಯುತ್ತಿದ್ದೇನೆ. ನಾನೇ ಜೋಡಿಸಿದ ಕಂಪ್ಯೂಟರಿಗೆ ಲ್ಯಾಮಿಂಗ್ಟನ್ ರೋಡಿನಿಂದ ತಂದ ಸೆಕೆಂಡ್ ಹ್ಯಾಂಡ್ ಪಿಸಿಐ ಟ್ಯೂನರ್ ಕಾರ್ಡ್ (ಕಂಪ್ಯೂಟರಿನಲ್ಲಿ ಟಿವಿ ನೋಡಲು ಒಳಗೆ ಚುಚ್ಚುವ ಕಾರ್ಡ್) ಹಾಕಿದ್ದೇನೆ. ಸೆಟ್ ಟಾಪ್ ಬಾಕ್ಸಿನ ಹಳದಿ ವೈರ್ ಚುಚ್ಚಿದರೆ ಚಂದನ ಬರುತ್ತದೆ, ಬಣ್ಣ ಚೆನ್ನಾಗಿದೆ, ಧ್ವನಿಯೂ ಸರಿ, ಆದರೆ ಚಿತ್ರ ಮಾತ್ರ ಜಗ್ಗುತ್ತಾ ಓಡುತ್ತದೆ. ವಾರ್ತೆ ಹೊತ್ತಲ್ಲಿ ಕೆಳಗೆ ಓಡುವ ಅಕ್ಷರ ನೋಡಬೇಕು, ನಾಲ್ಕು ಹೆಜ್ಜೆಗೊಮ್ಮೆ ಎಡವಿದ ಹಾಗೆ. ಹಳೇ ಡಬ್ಬಾ ಟಿವಿನೇ ವಾಸಿ ಅಂತ ಅಮ್ಮನ ತೀರ್ಪು ಬಂದಾಗಿದೆ.

ಡ್ರೈವರ್ ಎರಡು ಸಲ ಹಾಕಿದೆ, ಸ್ಲಾಟ್ ಬದಲಿಸಿದೆ. ಸಿಪಿಯು 30 ಪರ್ಸೆಂಟ್ ದಾಟುವುದಿಲ್ಲ. ಅಂಗಡಿಯವನು ರ‍್ಯಾಮ್ ಜಾಸ್ತಿ ಮಾಡಿ ಅಂತಾನೆ, 8 ಜಿಬಿ ಇದೆ, ಇನ್ನೆಷ್ಟು ಬೇಕು ಮಾರಾಯ್ರೆ!

ಒಂದು ವಿಚಿತ್ರ ಹೇಳ್ತೀನಿ ಕೇಳಿ. ಅರ್ಧ ಗಂಟೆ ರೆಕಾರ್ಡ್ ಮಾಡಿ, ಪೆನ್ ಡ್ರೈವಿಗೆ ಹಾಕಿ ಪಕ್ಕದ ಮನೆ ಟಿವಿಯಲ್ಲಿ ನೋಡಿದೆ, ಬೆಣ್ಣೆ ಹಾಗೆ ಓಡಿತು. ಅದೇ ಫೈಲ್ ನನ್ನ ಮಾನಿಟರಿನಲ್ಲಿ ಮತ್ತೆ ಎಡವುತ್ತದೆ. ಅಂದರೆ ಕಾರ್ಡಿನ ತಪ್ಪಲ್ಲ, ಅಲ್ವಾ?

ನನ್ನ ಅನುಮಾನ ಮಾನಿಟರ್ ಮೇಲೆ. ನಮ್ಮ ದೇಶದ ಟಿವಿ ಪದ್ಧತಿಯಾದ ಪಾಲ್ ಸಿಗ್ನಲ್ ಸೆಕೆಂಡಿಗೆ 25 ಫ್ರೇಮ್ (ಪೂರ್ತಿ ಚಿತ್ರ), ಅಂದರೆ 50 ಫೀಲ್ಡ್ (ಒಂದು ಬಿಟ್ಟು ಒಂದು ಗೆರೆಯ ಅರ್ಧ ಚಿತ್ರ). ಮಾನಿಟರ್ 60 ಹರ್ಟ್ಜ್, ಅಂದರೆ ಸೆಕೆಂಡಿಗೆ 60 ಸಲ ಚಿತ್ರ ಹೊಸದು ಮಾಡುತ್ತದೆ, ಲೆಕ್ಕ ಕೂಡುವುದೇ ಇಲ್ಲ. ಸೆಟ್ಟಿಂಗಿನಲ್ಲಿ 60 ಮತ್ತು 75 ಮಾತ್ರ ತೋರಿಸುತ್ತದೆ. ಕಸ್ಟಮ್ ಅಂತ 50 ಹಾಕಿದರೆ ಮಾನಿಟರಿಗೆ ಏನಾದರೂ ಆಗುತ್ತದಾ? ಡೀಇಂಟರ್‌ಲೇಸ್‌ನಲ್ಲಿ (ಅರ್ಧ ಚಿತ್ರಗಳಿಂದ ಪೂರ್ತಿ ಚಿತ್ರ ಮಾಡುವ ಸೆಟ್ಟಿಂಗ್) ಬಾಬ್, ಅಂದರೆ ಪ್ರತಿ ಫೀಲ್ಡನ್ನೂ ಒಂದೊಂದು ಪೂರ್ತಿ ಚಿತ್ರವಾಗಿ ತೋರಿಸುವ ಬಗೆ, ಆರಿಸಿದರೆ ಸ್ವಲ್ಪ ವಾಸಿ, ಪೂರ್ತಿ ಹೋಗಲಿಲ್ಲ. ಯಾರಾದರೂ 50ರಲ್ಲಿ ಓಡಿಸಿ ನೋಡಿದ್ದರೆ ದಯವಿಟ್ಟು ಹೇಳಿ, ಸುಮ್ನೆ ಹೊಸ ಕಾರ್ಡಿಗೆ ದುಡ್ಡು ಸುರಿಯುವ ಮನಸ್ಸಿಲ್ಲ.